ಬಾಣಂತಿ ಉಂಡ ಸಾರಿನ ಘಮ ಎದೆಹಾಲಿಗೆ ಎಷ್ಟು ಇಳಿಯುತ್ತೆ? ಪಥ್ಯ ಎಲ್ಲಿಯವರೆಗೆ ಬೇಕು?

ಗೌರಿಬಿದನೂರು ಅಂಗನವಾಡಿ
ಹೆರಿಗೆಯಾದ ಮನೆಗಳಲ್ಲಿ ಮತ್ತೆ ಮತ್ತೆ ಬರೋ ಪ್ರಶ್ನೆಯನ್ನ ತಿಳಿದವರ ಮುಂದೆ ಇಡ್ತಾ ಇದ್ದೀನಿ. ಬಾಣಂತಿ ಬೆಳ್ಳುಳ್ಳಿ ಜಾಸ್ತಿ ತಿಂದ್ರೆ ಹಾಲು ನಾರುತ್ತೆ, ಮಗು ಮೊಲೆ ಬಿಡುತ್ತೆ ಅಂತ ಒಂದು ಮನೆಯಲ್ಲಿ. ಪಕ್ಕದ ಮನೆಯಲ್ಲೇ, ಬೆಳ್ಳುಳ್ಳಿ ತಿನ್ನದಿದ್ರೆ ಹಾಲೇ ಇಳಿಯಲ್ಲ ಅಂತ. ಖಾರ ತಿಂದ್ರೆ ಮಗುವಿಗೆ ಹೊಟ್ಟೆ ಉರಿ, ಅವರೆಕಾಳು ತಿಂದ್ರೆ ವಾಯು, ಟೊಮೆಟೊ ಹುಳಿಗೆ ಹಾಲೂ ಹುಳಿಯಾಗುತ್ತೆ, ಬದನೆ, ಕುಂಬಳ, ಮಾವು ನಂಜು. ಇಷ್ಟೆಲ್ಲ ತೆಗೆದ ಮೇಲೆ ತಟ್ಟೆಯಲ್ಲಿ ಉಳಿಯೋದು ಅನ್ನ, ತುಪ್ಪ, ಮೆಣಸಿನ ಪುಡಿ, ಬ್ರೆಡ್ಡು. ಮೂರು ತಿಂಗಳು ಇದೇ ನಡೆಯುತ್ತೆ. ಬಸುರಿ, ಬಾಣಂತಿಯರಿಗೆ ಅಂಗನವಾಡಿಯಲ್ಲಿ ಕೊಡೋ ಮಾತೃಪೂರ್ಣ ಯೋಜನೆಯ ಊಟದಲ್ಲಿ ಸೊಪ್ಪಿನ ಸಾಂಬಾರು, ಮೊಟ್ಟೆ, ಹಾಲು, ಚಿಕ್ಕಿ ಇದ್ರೂ ಮೊಟ್ಟೆ ಉಷ್ಣ, ಸೊಪ್ಪು ಶೀತ ಅಂತ ಬಿಡಿಸ್ತಾರೆ. ಯಾವುದು ಹಾಲಿಗೆ ಬರುತ್ತೆ, ಯಾವುದು ಬರಲ್ಲ, ಎಷ್ಟು ಹೊತ್ತು ಇರುತ್ತೆ? ಅಳತೆ, ಗಂಟೆ ಸಮೇತ ಹೇಳಿ. ಮನೆಯ ಹಿರಿಯರ ಮುಂದೆ ಬರೀ ಬಾಯಿಮಾತು ನಿಲ್ಲಲ್ಲ.

ಆಹಾರತಜ್ಞೆ, ತುಮಕೂರು
ಟೀಚರ್, ಬೆಳ್ಳುಳ್ಳಿಯಿಂದಲೇ ಶುರು ಮಾಡೋಣ, ಯಾಕಂದ್ರೆ ಚೆನ್ನಾಗಿ ಅಳೆದು ನೋಡಿರೋದು ಅದನ್ನೇ. 1991ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ರುಚಿ, ವಾಸನೆಯ ಸಂಶೋಧನೆ ಮಾಡುವ ಮೊನೆಲ್ ಸಂಸ್ಥೆಯಲ್ಲಿ ಜೂಲಿ ಮೆನ್ನೆಲ್ಲಾ ಮತ್ತು ಗ್ಯಾರಿ ಬೀಚಂ ಹಾಲೂಡಿಸುವ ತಾಯಂದಿರಿಗೆ 1.5 ಗ್ರಾಂ ಬೆಳ್ಳುಳ್ಳಿ ಸಾರದ ಮಾತ್ರೆ ಕೊಟ್ಟರು. ಆಮೇಲೆ ಬಿಟ್ಟು ಬಿಟ್ಟು ಹಿಂಡಿದ ಹಾಲನ್ನು, ಯಾವುದು ಯಾವ ಹೊತ್ತಿನದು ಅಂತ ಹೇಳದೆ, ಬೇರೆಯವರಿಗೆ ಮೂಸಿ ನೋಡಲು ಕೊಟ್ಟರು. ಸುಮಾರು 2 ಗಂಟೆಯ ಹೊತ್ತಿಗೆ ವಾಸನೆ ಎಲ್ಲಕ್ಕಿಂತ ಜೋರಾಗಿತ್ತು, ಆಮೇಲೆ ಇಳಿಯಿತು.

ಮಕ್ಕಳು ಏನು ಮಾಡಿದವು ಅನ್ನೋದು ಮುಖ್ಯ. ಮೊಲೆ ಬಿಡಲಿಲ್ಲ. ಆ ಹೊತ್ತಿನಲ್ಲಿ ಹೆಚ್ಚು ಕಾಲ ಹಿಡಿದುಕೊಂಡು, ಹೆಚ್ಚು ಸಲ ಚೀಪಿದವು. ಆದ್ದರಿಂದ ವಾಸನೆ ಬರುತ್ತೆ ಅನ್ನುವ ಅಜ್ಜಿಯ ಮಾತು ಸರಿ, ಮಗು ಬಿಡುತ್ತೆ ಅನ್ನೋದು ತಪ್ಪು.

ಮುಳಬಾಗಿಲು ಬಾಣಂತಿ ಅಡುಗೆ
ಹಾಗಾದ್ರೆ ಬೆಳ್ಳುಳ್ಳಿ ಹಾಲು ಹೆಚ್ಚಿಸುತ್ತೆ ಅಂತಾನೇ ಆಯ್ತಲ್ಲ ಮೇಡಂ? ದಿನಕ್ಕೆ ಒಂದು ಗಡ್ಡೆ ಸುಟ್ಟು ತಿನ್ನಿಸೋ ಪದ್ಧತಿ ಅದಕ್ಕೇ ಇರೋದು.

ಆಹಾರತಜ್ಞೆ, ತುಮಕೂರು
ಇಲ್ಲ ಅಕ್ಕ, ಅಷ್ಟು ದೂರ ಎಳೆಯೋಕೆ ಆಗಲ್ಲ. ಚೀಪಿದ್ದು ಹೆಚ್ಚಾಯ್ತು, ಒಟ್ಟು ಕುಡಿದ ಹಾಲಿನ ಅಳತೆಯಲ್ಲಿ ಗಟ್ಟಿಯಾಗಿ ಹೇಳುವಷ್ಟು ವ್ಯತ್ಯಾಸ ಇರಲಿಲ್ಲ. ಅದೇ ಇಬ್ಬರು 1993ರಲ್ಲಿ ತಾಯಂದಿರಿಗೆ ಕೆಲವು ದಿನ ಬೆಳ್ಳುಳ್ಳಿ ಕೊಟ್ಟು ನೋಡಿದಾಗ, ಆ ಮಕ್ಕಳು ಹೆಚ್ಚು ಹೊತ್ತು ಚೀಪಲೇ ಇಲ್ಲ. ರುಚಿ ಹೊಸದಾಗಿದ್ದಾಗ ಕುತೂಹಲ, ಅಭ್ಯಾಸವಾದ ಮೇಲೆ ಅದು ಮನೆಯ ರುಚಿ. ಹಾಲು ಹೆಚ್ಚೋದು ಎದೆ ಖಾಲಿಯಾದಷ್ಟೂ. ದಿನಕ್ಕೆ 8ರಿಂದ 12 ಸಲ ಕುಡಿಸಬೇಕು, ರಾತ್ರಿಯದ್ದು ತಪ್ಪಿಸಬಾರದು. ಬೆಳ್ಳುಳ್ಳಿ ಸಾರಿಗೆ ಹಾಕುವಷ್ಟು ಹಾಕಿ. ಬರಿಹೊಟ್ಟೆಗೆ ಇಡೀ ಗಡ್ಡೆ ತಿನ್ನಿಸಿದ್ರೆ ಎದೆಯುರಿ ಬರೋದು ತಾಯಿಗೆ.

ಕೆಮಿಸ್ಟ್ರಿ ಮೇಷ್ಟ್ರು, ಚಿಂತಾಮಣಿ
ಇದು ಹೇಗೆ ನಡೆಯುತ್ತೆ ಅಂತ ಒಂದು ಮಾತು. ಊಟ ನೇರವಾಗಿ ಎದೆಗೆ ಹೋಗಲ್ಲ. ಕರುಳಿನಿಂದ ರಕ್ತಕ್ಕೆ, ರಕ್ತದಿಂದ ಹಾಲಿನ ಗ್ರಂಥಿಯ ಜೀವಕೋಶ ದಾಟಿ ಹಾಲಿಗೆ. ಈ ದಾರಿಯಲ್ಲಿ ದಾಟಿಕೊಳ್ಳುವುದು ಸಣ್ಣ ಅಣುಗಳು, ಅದರಲ್ಲೂ ಕೊಬ್ಬಿನಲ್ಲಿ ಕರಗುವ, ಗಾಳಿಗೆ ಹಾರುವ ಪರಿಮಳದವು. ಪಿಷ್ಟ, ನಾರು, ಹುಳಿ ದಾಟಲ್ಲ. ಬೆಳ್ಳುಳ್ಳಿ ಜಜ್ಜಿದಾಗ ಮೂಗಿಗೆ ಹೊಡೆಯುವ ವಸ್ತು ಬೇರೆ, ಹಾಲಿಗೆ ಬರೋದು ಬೇರೆ. ದೇಹದೊಳಗೆ ಅದು ಅಲೈಲ್ ಮೀಥೈಲ್ ಸಲ್ಫೈಡ್ ಆಗಿ ಬದಲಾಗುತ್ತೆ, ಬೆಳ್ಳುಳ್ಳಿ ತಿಂದವರ ಉಸಿರಿನಲ್ಲಿ ಗಂಟೆಗಟ್ಟಲೆ ಉಳಿಯುವುದೂ ಅದೇ. ಎದೆಹಾಲಿನ ಬೆಳ್ಳುಳ್ಳಿ ವಾಸನೆಗೆ ಅದೇ ಕಾರಣ ಅಂತ ಜರ್ಮನಿಯಲ್ಲಿ 2016ರಲ್ಲಿ ತೋರಿಸಿದ್ದಾರೆ.

ಗಂಟೆಯ ಲೆಕ್ಕಕ್ಕೆ 2008ರ ಡೆನ್ಮಾರ್ಕಿನ ಪ್ರಯೋಗ ಉಪಯೋಗಕ್ಕೆ ಬರುತ್ತೆ. ನಾಲ್ಕು ಪರಿಮಳಗಳನ್ನು ತಲಾ 100 ಮಿಲಿಗ್ರಾಂ ಮಾತ್ರೆಯಲ್ಲಿ ಕೊಟ್ಟು 8 ಗಂಟೆ ಹಾಲು ಅಳೆದರು. ಬಾಳೆಹಣ್ಣಿನ ಘಮದ ಎಸ್ಟರ್ ಮೊದಲ ಒಂದು ಗಂಟೆಯಲ್ಲಷ್ಟೇ ಸಿಕ್ಕಿತು, ಅದೂ ಅತಿ ಕಡಿಮೆ. ಸೋಂಪಿನ ಅನೆಥೋಲ್ ಮತ್ತು ಕಾರ್ವೋನ್ 2 ಗಂಟೆಗೆ ಮೇಲೇರಿ ಆಮೇಲೆ ಇಳಿದವು. ಪುದೀನ ಜಾತಿಯ ಮೆಂಥಾಲ್ 2ರಿಂದ 8 ಗಂಟೆಯವರೆಗೂ ಒಂದೇ ಸಮ ಇತ್ತು. ತಾಯಿಯಿಂದ ತಾಯಿಗೆ ವ್ಯತ್ಯಾಸವೂ ದೊಡ್ಡದಾಗಿತ್ತು. ಇದರಲ್ಲಿ ಕಾರ್ವೋನ್ ನಮಗೆ ಹತ್ತಿರದ್ದು. ಸಬ್ಬಸಿಗೆ ಬೀಜದ ಘಮಕ್ಕೆ ಮುಖ್ಯ ಕಾರಣ ಅದೇ.

ಮುಳಬಾಗಿಲು ಬಾಣಂತಿ ಅಡುಗೆ
ಸಬ್ಬಸಿಗೆ ಅಂದ್ರಲ್ಲ, ಮೇಷ್ಟ್ರೇ, ಸೊಪ್ಪಿನ ವಿಷಯ ನಾನು ಹೇಳ್ತೀನಿ. ಬಾಣಂತಿಗೆ ಬಸ್ಸಾರು ಮಾಡುವಾಗ ಬಹಳ ಜನ ಬೇಳೆ, ಸೊಪ್ಪು ಎರಡನ್ನೂ ಒಟ್ಟಿಗೆ ಕುಕ್ಕರಿಗೆ ಹಾಕಿ ನಾಲ್ಕು ವಿಶಲ್ ಕೂಗಿಸ್ತಾರೆ. ಘಮ ಎಲ್ಲ ಆವಿಯಲ್ಲೇ ಹೋಗುತ್ತೆ, ಬಣ್ಣವೂ ಕೆಡುತ್ತೆ. ಒಬ್ಬರ ಅಳತೆಗೆ ತೊಗರಿಬೇಳೆ 50 ಗ್ರಾಂ ತೆರೆದ ಪಾತ್ರೆಯಲ್ಲಿ ಮುಕ್ಕಾಲು ಬೇಯಲಿ, ಬೇಳೆ ಬೆರಳಲ್ಲಿ ಅದುಮಿದ್ರೆ ಒಡೆಯಬೇಕು, ಕರಗಬಾರದು. ಆಗ ಬಿಡಿಸಿ ಹೆಚ್ಚಿದ ಸೊಪ್ಪು ಎರಡು ಹಿಡಿ ಹಾಕಿ 5 ನಿಮಿಷ. ಕಟ್ಟು ಬಸಿದುಕೊಳ್ಳಿ. ಬೆಳ್ಳುಳ್ಳಿ 5 ಎಸಳು, ಮೆಣಸು ಅರ್ಧ ಚಮಚ, ಜೀರಿಗೆ ಅರ್ಧ ಚಮಚ, ಈರುಳ್ಳಿ ಅರ್ಧ, ಇಷ್ಟನ್ನೂ ತುಪ್ಪದಲ್ಲಿ ಬಾಡಿಸಿ, ಕೊಬ್ಬರಿ ಎರಡು ಚಮಚ, ಹುಣಸೆ ನೆಲ್ಲಿಕಾಯಿಯ ಕಾಲುಭಾಗದಷ್ಟು, ಬೆಂದ ಬೇಳೆಸೊಪ್ಪು ಒಂದು ಹಿಡಿ ಸೇರಿಸಿ ರುಬ್ಬಿ ಕಟ್ಟಿಗೆ ಹಾಕಿ ಒಂದು ಕುದಿ. ಉಳಿದದ್ದು ಪಲ್ಯ. ಮುದ್ದೆ ಮೆತ್ತಗಿರಲಿ. ಬಸಿದ ನೀರು ಚೆಲ್ಲಬೇಡಿ, ಸಾರ ಇರೋದೇ ಅದರಲ್ಲಿ.

ಗೌರಿಬಿದನೂರು ಅಂಗನವಾಡಿ
ಮೆಣಸು ಹಾಕಿ ಅಂತೀರ. ಖಾರ ಹಾಲಿಗೆ ಬರಲ್ವಾ? ಬಾಣಂತಿ ಖಾರದಲ್ಲಿ ಮೆಣಸು, ಶುಂಠಿ, ಹಿಪ್ಪಲಿ ಎಲ್ಲ ಇರುತ್ತಲ್ಲ.

ಆಹಾರತಜ್ಞೆ, ತುಮಕೂರು
ಮೆಣಸಿನ ಖಾರ ಅಂದ್ರೆ ಪೈಪರೀನ್. 2021ರಲ್ಲಿ ಮ್ಯೂನಿಕ್ ಕಡೆಯ ಸಂಶೋಧಕರು ಮಸಾಲೆ ಊಟ ಮಾಡಿದ ತಾಯಂದಿರ ಹಾಲಿನಲ್ಲಿ ಅದನ್ನು ಅಳೆದರು. ಊಟವಾದ ಒಂದು ಗಂಟೆಯೊಳಗೆ ಬಂತು, ಕೆಲವು ಗಂಟೆ ಉಳಿಯಿತು. ಪ್ರಮಾಣ ಲೀಟರಿಗೆ 14ರಿಂದ 57 ಮೈಕ್ರೋಗ್ರಾಂ. ದೊಡ್ಡವರ ನಾಲಿಗೆಗೆ ಖಾರ ಅನ್ನಿಸಬೇಕಾದರೆ ಇದರ 70ರಿಂದ 350 ಪಟ್ಟು ಬೇಕು. ಶುಂಠಿ, ಮೆಣಸಿನಕಾಯಿಯ ಖಾರ ಆ ಹಾಲಿನಲ್ಲಿ ಸಿಗಲೇ ಇಲ್ಲ ಅನ್ನುವಷ್ಟು ಕಡಿಮೆ. ಮಗುವಿನ ಹೊಟ್ಟೆ ಉರಿಯಲ್ಲ. ಅತಿ ಖಾರ ಬೇಡ ಅನ್ನೋದು ತಾಯಿಯ ಹೊಲಿಗೆ, ಮಲಬದ್ಧತೆ, ಮೂಲವ್ಯಾಧಿಯ ಕಾರಣಕ್ಕೆ. ಅದನ್ನು ಮಗುವಿನ ಹೆಸರಲ್ಲಿ ಹೇಳಿದ್ರೆ ಬಾಣಂತಿ ಸುಮ್ಮನೆ ಹೆದರ್ತಾಳೆ.

ಅವರೆಕಾಳಿನದೂ ಹಾಗೇ. ವಾಯು ಆಗೋದು ಅದರಲ್ಲಿರುವ ಕೆಲವು ಸಕ್ಕರೆ ಜೀರ್ಣವಾಗದೆ ದೊಡ್ಡ ಕರುಳಿನಲ್ಲಿ ಹುದುಗಿದಾಗ. ಆ ಸಕ್ಕರೆ ರಕ್ತ ಸೇರಲ್ಲ, ಹಾಲಿಗೂ ಇಳಿಯಲ್ಲ. ಡಿಸೆಂಬರ್, ಜನವರಿಯಲ್ಲಿ ಹೆರಿಗೆಯಾದವರಿಗೆ ಹಿತಕಿದ ಬೇಳೆ ಸಾರು ಧಾರಾಳವಾಗಿ ಕೊಡಿ, ಪ್ರೋಟೀನ್ ಬೇಕೇ ಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2020ರ ಲೆಕ್ಕದಲ್ಲಿ ಮೊದಲ 6 ತಿಂಗಳು ತಾಯಿಗೆ ಮಾಮೂಲಿಗಿಂತ ದಿನಕ್ಕೆ 600 ಕ್ಯಾಲೊರಿ, ಸುಮಾರು 17 ಗ್ರಾಂ ಪ್ರೋಟೀನ್ ಹೆಚ್ಚು ಬೇಕು. ಅನ್ನ, ತುಪ್ಪ, ಮೆಣಸಿನ ಪುಡಿಯಲ್ಲಿ ಈ ಪ್ರೋಟೀನ್ ಎಲ್ಲಿಂದ ಬರಬೇಕು? ಟೊಮೆಟೊ ತಿಂದು ಹಾಲು ಹುಳಿಯಾಗೋದಿಲ್ಲ. ತಾಯಿಯ ರಕ್ತದ ಹುಳಿಯ ಮಟ್ಟವನ್ನು ದೇಹ ಅಲ್ಲಾಡೋಕೆ ಬಿಡಲ್ಲ.

ಕೆಮಿಸ್ಟ್ರಿ ಮೇಷ್ಟ್ರು, ಚಿಂತಾಮಣಿ
ಒಂದು ತಿದ್ದುಪಡಿ ಸೇರಿಸಬೇಕು. ರುಚಿ, ಘಮ ಬೇರೆ, ಅಲರ್ಜಿ ಬೇರೆ. ಹಸುವಿನ ಹಾಲಿನ ಪ್ರೋಟೀನಿನ ತುಣುಕು ಎದೆಹಾಲಿಗೆ ಬರುತ್ತೆ. ಕೆಲವೇ ಮಕ್ಕಳಿಗೆ ಅದು ಆಗಿಬರಲ್ಲ.

ನವಜಾತ ಶಿಶು ಘಟಕದ ಸಿಸ್ಟರ್, ಕೋಲಾರ
ಹೌದು ಸರ್. ಗುರುತು ಏನಂದ್ರೆ ಮಲದಲ್ಲಿ ರಕ್ತದ ಎಳೆ, ಲೋಳೆ, ಮೈಮೇಲೆ ಎಕ್ಸಿಮಾ, ತೂಕ ಏರದಿರುವುದು. ಬರೀ ಸಂಜೆ ಅಳು ಅಲ್ಲ. ಮಕ್ಕಳ ಡಾಕ್ಟರು ಹೇಳಿದ್ರೆ ತಾಯಿ 2ರಿಂದ 4 ವಾರ ಹಾಲು, ಮೊಸರು, ಬೆಣ್ಣೆ, ತುಪ್ಪ, ಪನೀರು, ಹಾಲಿನ ಬಿಸ್ಕೆಟ್ಟು ಎಲ್ಲ ಬಿಟ್ಟು ನೋಡಬೇಕು, ಆಮೇಲೆ ಮತ್ತೆ ಶುರು ಮಾಡಿ ನೋಡಬೇಕು. ಮತ್ತೆ ಶುರು ಮಾಡಿದಾಗ ಲಕ್ಷಣ ವಾಪಸ್ ಬಂದ್ರೆ ಮಾತ್ರ ಅದೇ ಕಾರಣ. ಈ ಎರಡನೇ ಹೆಜ್ಜೆ ಬಿಟ್ಟು ವರ್ಷಗಟ್ಟಲೆ ಹಾಲು ಬಿಡಿಸಬೇಡಿ.

ಈಗ ಮಗು ಮೊಲೆ ಬಿಡೋ ವಿಷಯ. ಊಟದ ಮೇಲೆ ತಪ್ಪು ಹೊರಿಸೋ ಮುಂಚೆ ಈ ಕ್ರಮದಲ್ಲಿ ನೋಡಿ. ಮೊದಲು ಎದೆಯ ಚರ್ಮ. ಬಾಮು, ನೀಲಗಿರಿ ಎಣ್ಣೆ, ಹೊಸ ಸೋಪು, ಪೌಡರು, ಸಾಂಬ್ರಾಣಿ ಹೊಗೆ ಕುಡಿದ ಸೀರೆ. ಮಗು ದಾರಿ ಹುಡುಕೋದು ಮೊಲೆತೊಟ್ಟಿನ ಸುತ್ತಲಿನ ಗ್ರಂಥಿಗಳ ಸಹಜ ವಾಸನೆಯಿಂದ. ಅದರ ಮೇಲೆ ಬಾಮು ಕೂತ್ರೆ ಮುಖ ತಿರುಗಿಸುತ್ತೆ, ಮನೆಯವರು ಹಾಲು ನಾರ್ತಿದೆ ಅಂತಾರೆ. ಬರೀ ನೀರಲ್ಲಿ ಒರೆಸಿ, ಅರ್ಧ ಗಂಟೆ ಬಿಟ್ಟು ಹಿಡಿಸಿ. ಎರಡನೆಯದು ಮಗುವಿನ ಮೂಗು ಕಟ್ಟಿದೆಯಾ, ಬಾಯೊಳಗೆ ಒರೆಸಿದ್ರೂ ಹೋಗದ ಬಿಳಿ ಮಚ್ಚೆ ಇದೆಯಾ. ಮೂರನೆಯದು ಒಂದೇ ಕಡೆ ಬಿಡ್ತಾ ಇದೆಯಾ, ಎರಡೂ ಕಡೆಯಾ.

ಒಂದೇ ಕಡೆ ಬಿಟ್ರೆ ಆ ಎದೆಯನ್ನ ಗಮನಿಸಿ. ಹಾಲು ಕಟ್ಟಿ ಬಾವು ಬರ್ತಾ ಇದ್ದಾಗ ಹಾಲಿನಲ್ಲಿ ಸೋಡಿಯಂ, ಕ್ಲೋರೈಡ್ ಏರಿ, ಲ್ಯಾಕ್ಟೋಸ್ ಅನ್ನೋ ಹಾಲಿನ ಸಕ್ಕರೆ ಇಳಿಯುತ್ತೆ. ಸಿಹಿ ಹಾಲು ಉಪ್ಪುಪ್ಪಾಗುತ್ತೆ. ತಾಯಿಯ ಊಟದ ಉಪ್ಪಿಗೂ ಇದಕ್ಕೂ ಸಂಬಂಧ ಇಲ್ಲ, ಗ್ರಂಥಿಯ ಜೀವಕೋಶಗಳ ನಡುವಿನ ಬಿಗಿ ಸಡಿಲವಾಗಿ ರಕ್ತದ ಕಡೆಯ ಉಪ್ಪು ಒಳಗೆ ಸೋರುತ್ತೆ. ಕೆಂಪು, ನೋವು, ಗಟ್ಟಿ ಇದ್ರೆ ಆ ಕಡೆ ಕುಡಿಸೋದು ನಿಲ್ಲಿಸಬೇಡಿ, ಮಗು ಒಲ್ಲೆ ಅಂದ್ರೆ ಹಿತವಾಗುವಷ್ಟು ಕೈಯಲ್ಲಿ ಹಿಂಡಿ. ಜೋರಾಗಿ ತಿಕ್ಕಬೇಡಿ, ಊತ ಹೆಚ್ಚುತ್ತೆ. ತಣ್ಣನೆ ಬಟ್ಟೆ ಹಾಕಿ. ಜ್ವರ ಬಂದ್ರೆ, 24 ಗಂಟೆಯಲ್ಲಿ ಕಮ್ಮಿಯಾಗದಿದ್ರೆ ಆಸ್ಪತ್ರೆ. ಮತ್ತೆ ಬಸುರಾದಾಗ, ಹಾಲು ಬಿಡಿಸೋ ಹೊತ್ತಲ್ಲೂ ರುಚಿ ಇದೇ ರೀತಿ ಉಪ್ಪಿನ ಕಡೆ ತಿರುಗುತ್ತೆ.

ಪಾವಗಡ ಆಶಾ
ಸಿಸ್ಟರ್, ಮೆಂತ್ಯದ ಬಗ್ಗೆ ಹೇಳಿ. ಇಲ್ಲಿ ಮೆಂತ್ಯದ ಹಿಟ್ಟು, ಬೆಲ್ಲ, ಕೊಬ್ಬರಿ ಸೇರಿಸಿ ಉಂಡೆ ಕಟ್ಟಿ ದಿನಾ ಎರಡು ಕೊಡ್ತಾರೆ. ಮಗುವಿನ ಮೂತ್ರ ಬೆಲ್ಲ ಸುಟ್ಟ ಹಾಗೆ ವಾಸನೆ ಬರುತ್ತೆ ಅಂತ ಗಾಬರಿ ಬೀಳ್ತಾರೆ.

ನವಜಾತ ಶಿಶು ಘಟಕದ ಸಿಸ್ಟರ್, ಕೋಲಾರ
ಅದು ಮೆಂತ್ಯದಲ್ಲಿರೋ ಸೊಟೊಲೋನ್ ಅನ್ನೋ ವಾಸನೆಯ ವಸ್ತು. ತಾಯಿಯ ಬೆವರು, ಮೂತ್ರದಲ್ಲಿ ಬರುತ್ತೆ, ಹಾಲಿನ ಮೂಲಕ ಮಗುವಿಗೂ ಹೋಗುತ್ತೆ. ಇದು ಎಲ್ಲರೂ ಗಮನಿಸಬೇಕಾದ ವಿಷಯ, ಯಾಕಂದ್ರೆ ಪ್ರೋಟೀನ್ ಅರಗದ ಒಂದು ಹುಟ್ಟು ಕಾಯಿಲೆಯಲ್ಲೂ ಮೂತ್ರಕ್ಕೆ ಇದೇ ಸುಟ್ಟ ಸಕ್ಕರೆಯ ವಾಸನೆ. ಬಹಳ ಅಪರೂಪದ್ದು, ಆದರೆ ಪ್ರಾಣಕ್ಕೆ ಅಪಾಯ. ಮಗು ಚೆನ್ನಾಗಿ ಕುಡಿದು ಚುರುಕಾಗಿದ್ದು, ತಾಯಿ ಮೆಂತ್ಯ ತಿಂತಾ ಇದ್ರೆ ನಿಲ್ಲಿಸಿ ನೋಡಿ, ವಾಸನೆ ಒಂದೆರಡು ದಿನದಲ್ಲಿ ಹೋಗಬೇಕು. ಮಗು ಮಂಕಾಗಿ ಹಾಲು ಬಿಟ್ಟಿದ್ರೆ ಒಂದು ಗಂಟೆಯೂ ಕಾಯಬೇಡಿ, ಕರೆದುಕೊಂಡು ಬನ್ನಿ. ಬಂದಾಗ ತಾಯಿ ಮೆಂತ್ಯ ತಿಂತಾಳೆ ಅನ್ನೋದನ್ನ ಡಾಕ್ಟರಿಗೆ ಹೇಳಲೇಬೇಕು.

ಆಹಾರತಜ್ಞೆ, ತುಮಕೂರು
ಮೆಂತ್ಯ ಹಾಲು ಹೆಚ್ಚಿಸುತ್ತೆ ಅನ್ನೋದಕ್ಕೆ ಸಿಕ್ಕಿರುವ ಆಧಾರ ಗಟ್ಟಿಯಾದದ್ದಲ್ಲ. ಒಗ್ಗರಣೆಗೆ, ಸೊಪ್ಪಿನ ರೂಪದಲ್ಲಿ ಏನೂ ತೊಂದರೆ ಇಲ್ಲ. ಹಿಟ್ಟು ಚಮಚಗಟ್ಟಲೆ ತಿಂದ್ರೆ ಭೇದಿ ಆಗುತ್ತೆ, ಶುಗರ್ ಮಾತ್ರೆ ತಗೊಳ್ಳೋರಿಗೆ ಸಕ್ಕರೆ ಅಂಶ ಅತಿಯಾಗಿ ಇಳಿಯಬಹುದು.

ಕೊಬ್ಬರಿ ಉಂಡೆಯ ವಿಷಯ ಬಂದದ್ದು ಒಳ್ಳೇದಾಯ್ತು. ತಿಪಟೂರು ಸೀಮೆಯಲ್ಲಿ ಬಾಣಂತಿಗೆ ಕೊಬ್ಬರಿ ಧಾರಾಳ. ತೆಂಗಿನ ಕೊಬ್ಬಿನಲ್ಲಿ ಸುಮಾರು ಅರ್ಧ ಲಾರಿಕ್ ಆಮ್ಲ ಅನ್ನೋ ಕೊಬ್ಬಿನಾಮ್ಲ, ಅದು ತಿಂದ 6 ಗಂಟೆಯಲ್ಲೇ ಹಾಲಿನಲ್ಲಿ ಏರಿರೋದು ಗೊತ್ತಾಗುತ್ತೆ. ಹಾಲಿನ ಒಟ್ಟು ಕೊಬ್ಬು ಏರಲ್ಲ, ಕೊಬ್ಬಿನ ಬಗೆ ಬದಲಾಗುತ್ತೆ. ಬಣ್ಣವೂ ಅಷ್ಟೇ. ಕ್ಯಾರೆಟ್ಟು ಜಾಸ್ತಿ ತಿಂದ್ರೆ ಹಳದಿ, ಸೊಪ್ಪು ಜಾಸ್ತಿಯಾದ್ರೆ ಒಮ್ಮೊಮ್ಮೆ ಹಸಿರು ಛಾಯೆ. ಕೆಟ್ಟಿದೆ ಅಂತ ಚೆಲ್ಲಬೇಡಿ.

ಪಾವಗಡ ಆಶಾ
ನಮ್ಮಲ್ಲಿ ಬೋರ್‌ವೆಲ್ ನೀರು ಒಗರು, ಫ್ಲೋರೈಡ್ ಜಾಸ್ತಿ. ತಾಯಿ ಅದನ್ನೇ ಕುಡಿದ್ರೆ ಹಾಲಿಗೂ ಬರುತ್ತಾ? ಅದಕ್ಕೇ ಹೆದರಿ ಕೆಲವರು ಡಬ್ಬಿ ಹಾಲಿಗೆ ಹೋಗ್ತಾರೆ.

ಕೆಮಿಸ್ಟ್ರಿ ಮೇಷ್ಟ್ರು, ಚಿಂತಾಮಣಿ
ಅದೇ ದೊಡ್ಡ ತಪ್ಪು. ಫ್ಲೋರೈಡ್ ರಕ್ತದಿಂದ ಹಾಲಿಗೆ ದಾಟೋದು ತೀರಾ ಕಡಿಮೆ, ನೀರಿನಲ್ಲಿ ಎಷ್ಟೇ ಇದ್ದರೂ ಎದೆಹಾಲಿನಲ್ಲಿ ಅದರ ಅತಿ ಸಣ್ಣ ಪಾಲು ಮಾತ್ರ. ಅದೇ ನೀರಲ್ಲಿ ಡಬ್ಬಿ ಪುಡಿ ಕಲಸಿದ್ರೆ ಪೂರ್ತಿ ಫ್ಲೋರೈಡ್ ಮಗುವಿಗೆ. ಕುದಿಸಿದ್ರೆ ಹೋಗಲ್ಲ, ನೀರು ಆವಿಯಾಗಿ ಹೋದಷ್ಟೂ ಉಳಿದ ನೀರಲ್ಲಿ ಅದರ ಪ್ರಮಾಣ ಏರುತ್ತೆ. ಲೀಟರಿಗೆ 1.5 ಮಿಲಿಗ್ರಾಂ ಮೀರಿದ ನೀರಿರುವ ಊರಲ್ಲಿ ಮಗುವಿಗೆ ಎದೆಹಾಲೇ ರಕ್ಷಣೆ. ಆದರೆ ತಾಯಿಯ ಮೂಳೆ, ಹಲ್ಲಿಗಾಗಿ ಅವಳಿಗೆ ಆರ್‌ಒ ಘಟಕದ ನೀರು ತಂದುಕೊಡಿ.

ನವಜಾತ ಶಿಶು ಘಟಕದ ಸಿಸ್ಟರ್, ಕೋಲಾರ
ನೀರಿನ ಜೊತೆಗೇ ಇದನ್ನೂ ಹೇಳ್ತೀನಿ. ಬಾಣಂತಿಗೆ ನೀರು ಕಡಿಮೆ ಕೊಡೋ ಪದ್ಧತಿ ನಿಲ್ಲಬೇಕು. ಬಾಯಾರಿದಾಗೆಲ್ಲ ಕುಡಿಯಲಿ, ಪ್ರತಿ ಸಲ ಹಾಲೂಡಿಸಲು ಕೂತಾಗ ಪಕ್ಕದಲ್ಲಿ ಒಂದು ಲೋಟ ಇರಲಿ. ಮಗುವಿಗೆ 6 ತಿಂಗಳ ತನಕ ನೀರು, ಬಜೆ ಯಾವುದೂ ಬೇಡ, ಜೇನಂತೂ ಒಂದು ವರ್ಷದ ತನಕ ಬೇಡ. ಮೈ ಬೆಚ್ಚಗಾಗಲಿ ಅಂತ ಬಾಣಂತಿಗೆ ಬ್ರಾಂದಿ ಕೊಡೋದೂ ಬೇಡ. ಮದ್ಯದ ವಾಸನೆ ಅರ್ಧದಿಂದ ಒಂದು ಗಂಟೆಯಲ್ಲಿ ಹಾಲಲ್ಲಿ ತುತ್ತತುದಿಗೆ ಹೋಗುತ್ತೆ, ಆ ಹೊತ್ತಲ್ಲಿ ಮಕ್ಕಳು ಕುಡಿಯೋ ಹಾಲೂ ಕಡಿಮೆಯಾಗುತ್ತೆ ಅಂತ 1991ರಲ್ಲೇ ಅಳೆದಿದ್ದಾರೆ. ಎಲೆಅಡಿಕೆ ಜೊತೆ ಹೊಗೆಸೊಪ್ಪು ಹಾಕೋ ಅಭ್ಯಾಸ ಇದ್ರೆ ನಿಕೋಟಿನ್ ಕೂಡ ಹಾಲಿಗೆ ಬರುತ್ತೆ.

ಗೌರಿಬಿದನೂರು ಅಂಗನವಾಡಿ
ಗಾರ್ಮೆಂಟ್ಸ್ ಕೆಲಸಕ್ಕೆ ವಾಪಸ್ ಹೋಗೋ ತಾಯಂದಿರು ಹಿಂಡಿ ಫ್ರಿಜ್ಜಿನಲ್ಲಿಟ್ಟ ಹಾಲು ಸೋಪಿನ ವಾಸನೆ ಬರುತ್ತೆ, ಮಗು ಉಗಿಯುತ್ತೆ ಅಂತಾರೆ. ಅದೂ ಊಟದಿಂದಲೇ?

ನವಜಾತ ಶಿಶು ಘಟಕದ ಸಿಸ್ಟರ್, ಕೋಲಾರ
ಅಲ್ಲ. ಎದೆಹಾಲಿನಲ್ಲೇ ಲೈಪೇಸ್ ಅನ್ನೋ ಕಿಣ್ವ ಇದೆ, ಮಗುವಿಗೆ ಕೊಬ್ಬು ಅರಗಿಸಲು. ತಣ್ಣಗಿಟ್ರೂ ಅದು ನಿಧಾನವಾಗಿ ಕೊಬ್ಬು ಒಡೆಯುತ್ತಲೇ ಇರುತ್ತೆ, ಬಿಡುಗಡೆಯಾದ ಆಮ್ಲಗಳೇ ಸೋಪಿನ ವಾಸನೆ. ಕೆಟ್ಟ ಹಾಲಲ್ಲ. ಕುಡಿಯೋ ಮಗುವಿಗೆ ಹಾಗೇ ಕೊಡಿ. ಕುಡಿಯದಿದ್ರೆ ಮಾತ್ರ ಹೀಗೆ ಮಾಡಿ: ಹಿಂಡಿದ ಕೂಡಲೇ ಸಣ್ಣ ಸ್ಟೀಲ್ ಪಾತ್ರೆಯಲ್ಲಿ ಸಣ್ಣ ಉರಿಯಲ್ಲಿಟ್ಟು, ಅಂಚಿನಲ್ಲಿ ಸಣ್ಣ ಗುಳ್ಳೆ ಏಳೋ ತನಕ ಕಾಯಿಸಿ, ಸುಮಾರು 80 ಡಿಗ್ರಿ. ಉಕ್ಕಿಸಬಾರದು. ತಕ್ಷಣ ತಣ್ಣೀರಿನ ಬಟ್ಟಲಲ್ಲಿ ಪಾತ್ರೆ ಕೂರಿಸಿ ಆರಿಸಿ, ಮುಚ್ಚಳದ ಡಬ್ಬಿಗೆ ಹಾಕಿ ಒಳಗಿಡಿ. ವಾಸನೆ ಬಂದ ಮೇಲೆ ಕಾಯಿಸಿದ್ರೆ ಪ್ರಯೋಜನ ಇಲ್ಲ. ಕಾಯಿಸಿದಾಗ ರೋಗನಿರೋಧಕ ಅಂಶ ಒಂದಿಷ್ಟು ಹೋಗುತ್ತೆ, ಅದಕ್ಕೇ ಎಲ್ಲರಿಗೂ ಇದನ್ನ ಹೇಳಲ್ಲ. ಕೆಲಸಕ್ಕೆ ಹೋಗೋ ಎರಡು ವಾರ ಮೊದಲೇ ಎರಡು ಚಮಚ ಹಾಲು ಫ್ರಿಜ್ಜಿನಲ್ಲಿಟ್ಟು 12 ಗಂಟೆಗೆ, 24 ಗಂಟೆಗೆ ಮೂಸಿ ನೋಡಿ. ತುಂಬಾ ಹಾಲು ಕೂಡಿಟ್ಟ ಮೇಲೆ ಗೊತ್ತಾದ್ರೆ ಸಂಕಟ.

ಹೊರಗೆ 25 ಡಿಗ್ರಿವರೆಗೆ 4 ಗಂಟೆ, ನಮ್ಮ ಬೇಸಿಗೆಯಲ್ಲಿ ಅಷ್ಟೂ ಬೇಡ. ಫ್ರಿಜ್ಜಿನ ಒಳಭಾಗದಲ್ಲಿ 4 ದಿನ, ಬಾಗಿಲಲ್ಲಿ ಇಡಬೇಡಿ. ಫ್ರೀಜರಿನಲ್ಲಿ 6 ತಿಂಗಳು. ಕರೆಂಟು ಹೋಗಿ ಬಂದಾಗ ಹಾಲಿನಲ್ಲಿ ಇನ್ನೂ ಮಂಜಿನ ಹರಳಿದ್ರೆ ಮತ್ತೆ ಗಟ್ಟಿಯಾಗೋಕೆ ಬಿಡಬಹುದು, ಪೂರ್ತಿ ಕರಗಿದ್ರೆ ಫ್ರಿಜ್ಜಿನಲ್ಲಿಟ್ಟು 24 ಗಂಟೆಯೊಳಗೆ ಮುಗಿಸಿ. ಬಾಟಲಿ ಬೇಡ, ಒಳಲೆಯಲ್ಲಿ ಕುಡಿಸಿ. ಒಳಲೆ ತೊಳೆದು ಕುದಿಸಿರಬೇಕು.

ಮುಳಬಾಗಿಲು ಬಾಣಂತಿ ಅಡುಗೆ
ಇಷ್ಟೆಲ್ಲ ಆದ ಮೇಲೆ, ಯಾವ ತಿಂಗಳಿಂದ ಯಾವ ಊಟ ಶುರು ಮಾಡಬೇಕು ಅಂತ ಹೇಳಿಬಿಡಿ ಮೇಡಂ. ಹಾಗಲಕಾಯಿ, ನುಗ್ಗೆಸೊಪ್ಪು ಐದನೇ ತಿಂಗಳಿಗೆ ಅಂತ ನಮ್ಮ ಲೆಕ್ಕ.

ಆಹಾರತಜ್ಞೆ, ತುಮಕೂರು
ಆ ಲೆಕ್ಕ ಬದಲಾಗಬೇಕು ಅಕ್ಕ. 2001ರಲ್ಲಿ ಮೆನ್ನೆಲ್ಲಾ ತಂಡದವರು ಬಸುರಿನಲ್ಲೋ ಬಾಣಂತನದಲ್ಲೋ ವಾರಕ್ಕೆ 4 ದಿನದಂತೆ 3 ವಾರ ತಾಯಂದಿರಿಗೆ ದಿನಕ್ಕೆ 300 ಮಿ.ಲೀ. ಕ್ಯಾರೆಟ್ ರಸ ಕುಡಿಸಿದ್ದರು. ಆ ಮಕ್ಕಳು ಮೇಲೂಟ ಶುರು ಮಾಡಿದಾಗ ಕ್ಯಾರೆಟ್ ರುಚಿಯ ಗಂಜಿಗೆ ಮುಖ ಕಿವುಚಿದ್ದು ಕಡಿಮೆ. 2017ರಲ್ಲಿ ತರಕಾರಿ ರಸಗಳನ್ನು ಬೇರೆ ಬೇರೆ ವಯಸ್ಸಿನಲ್ಲಿ ಶುರು ಮಾಡಿ ನೋಡಿದಾಗ, ಹೆರಿಗೆಯಾದ ಎರಡನೇ ವಾರದಿಂದ ಶುರು ಮಾಡಿದ ತಾಯಂದಿರ ಮಕ್ಕಳೇ ಆಮೇಲೆ ಆ ರುಚಿಯನ್ನ ಚೆನ್ನಾಗಿ ಒಪ್ಪಿದ್ದು. ನಮ್ಮಲ್ಲಿ ಪಥ್ಯ ಎಲ್ಲಕ್ಕಿಂತ ಬಿಗಿಯಾಗಿರೋದು ಅದೇ ವಾರಗಳಲ್ಲಿ. ಮಗು ರುಚಿ ಕಲಿಯೋಕೆ ಸಿದ್ಧವಾಗಿರುವಾಗ ನಾವು ತಟ್ಟೆ ಖಾಲಿ ಮಾಡಿರ್ತೀವಿ. ನನಗೆ ಬೇಸರ ಆಗೋದು ಇಲ್ಲೇ.

ಡಬ್ಬಿ ಹಾಲು ದಿನವೂ ಒಂದೇ ರುಚಿ. ಎದೆಹಾಲು ಮಧ್ಯಾಹ್ನ ಬಸ್ಸಾರಿನದ್ದು, ರಾತ್ರಿ ನುಗ್ಗೆಸೊಪ್ಪಿನದ್ದು. ಸಹಜ ಹೆರಿಗೆಯಾದವರು ಮೊದಲ ದಿನದಿಂದಲೇ ಮನೆಯ ಮಾಮೂಲಿ ಊಟ ಮಾಡಬಹುದು. ಸಿಸೇರಿಯನ್ ಆದವರು ಡಾಕ್ಟರು ಊಟಕ್ಕೆ ಒಪ್ಪಿದ ಮೇಲೆ ಮೆತ್ತನೆಯದರಿಂದ ಶುರು ಮಾಡಿ, ವಾರದೊಳಗೆ ಎಲ್ಲದಕ್ಕೂ ಬರಬಹುದು. ಹಾಗಲಕಾಯಿ ಹತ್ತನೇ ದಿನಕ್ಕೂ ಆಗುತ್ತೆ. ವಾರಕ್ಕೆ ಮೂರು ನಾಲ್ಕು ಸಲ ಅದೇ ಸೊಪ್ಪು ಬರಬೇಕು, ತಿಂಗಳಿಗೊಮ್ಮೆ ತಿಂದ್ರೆ ಮಗುವಿಗೆ ಪರಿಚಯ ಆಗಲ್ಲ. ಕಾಫಿ ದಿನಕ್ಕೆ ಎರಡು ಸಣ್ಣ ಲೋಟ ಸಾಕು, ಎಳೆಮಗುವಿನ ದೇಹದಿಂದ ಕೆಫೀನ್ ಹೋಗೋಕೆ ದಿನಗಳೇ ಬೇಕು. ಕಬ್ಬಿಣದ ಮಾತ್ರೆಯನ್ನ ಕಾಫಿ ಜೊತೆಗೂ, ಕ್ಯಾಲ್ಸಿಯಂ ಮಾತ್ರೆ ಜೊತೆಗೂ ನುಂಗಬೇಡಿ, ಎರಡು ಗಂಟೆ ಅಂತರ ಇರಲಿ.

ಗೌರಿಬಿದನೂರು ಅಂಗನವಾಡಿ
ಮೇಡಂ, 6 ತಿಂಗಳಿಗೆ ರಾಗಿ ಸರಿ ಶುರು ಮಾಡುವಾಗ ಈ ರುಚಿಗಳನ್ನ ಹೇಗೆ ಮುಂದುವರಿಸೋದು? ಬರೀ ಬೆಲ್ಲ ಹಾಕಿ ಸಿಹಿ ಮಾಡ್ತಾರೆ.

ಆಹಾರತಜ್ಞೆ, ತುಮಕೂರು
ಬೆಲ್ಲ ಬೇಡ, ಉಪ್ಪೂ ಬೇಡ. ಮೊಳಕೆ ರಾಗಿ ಹಿಟ್ಟು ಎರಡು ಚಮಚ, ನೀರು ಒಂದು ಲೋಟ, ಗಂಟಾಗದ ಹಾಗೆ ತಣ್ಣೀರಲ್ಲೇ ಕಲಸಿ ಆಮೇಲೆ ಒಲೆಗಿಡಿ. 8ರಿಂದ 10 ನಿಮಿಷ ಕೈಯಾಡಿಸಿ, ಚಮಚ ಓರೆ ಮಾಡಿದ್ರೆ ಜಾರಿ ಬೀಳದಷ್ಟು ಗಟ್ಟಿ ಇರಬೇಕು. ಆರಿದ ಮೇಲೆ ಹಿಂಡಿದ ಎದೆಹಾಲು ಎರಡು ಚಮಚ ಬೆರೆಸಿ. ಮೂರು ನಾಲ್ಕು ದಿನ ಹೋದ ಮೇಲೆ, ತಾಯಿ ತಿಂದ ಅದೇ ಸೊಪ್ಪು, ಅದೇ ಬೇಳೆಯನ್ನ ಮಸಾಲೆ, ಉಪ್ಪು ಹಾಕೋ ಮುಂಚೆ ಒಂದು ಚಮಚ ತೆಗೆದಿಟ್ಟು ನುಣ್ಣಗೆ ಕಿವುಚಿ ಕೊಡಿ. ಮೊದಲ ಸಲ ಉಗಿದ್ರೆ ಅಲ್ಲಿಗೇ ಬಿಡಬೇಡಿ, ಅದೇ ಸೊಪ್ಪನ್ನ ಎಂಟು ಹತ್ತು ಸಲ ಬೇರೆ ಬೇರೆ ದಿನ ಕೊಟ್ಟು ನೋಡಿ. ಒತ್ತಾಯ ಮಾಡಿ ತುರುಕಬೇಡಿ.